ಊರಿಗೆ ಗ್ಯಾಸ್ ಪೈಪ್ ಬರುವ ಮೊದಲು: ರಸ್ತೆ, ನೀರು, ಕರೆಂಟ್ ಎಲ್ಲಾ ಒಟ್ಟಿಗೆ ನೋಡಿಕೊಳ್ಳುವುದು ಹೇಗೆ

ಗ್ಯಾಸ್ ಪೈಪ್ ಬರ್ತದೆ ಅಂದ ಕೂಡಲೇ ನಮ್ಮ ಕಡೆ ಕೇಳುವ ಮೊದಲ ಪ್ರಶ್ನೆ "ಸಿಲಿಂಡರಿಗಿಂತ ಎಷ್ಟು ಕಮ್ಮಿ ಬೀಳ್ತದೆ?" ಅಂತ. ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ್ದು ಬೇರೆ ಉಂಟು. ಅಗೆಯುವುದು ಎಲ್ಲಿ? ಯಾವ ತಿಂಗಳಲ್ಲಿ? ಮುಚ್ಚುವವರು ಯಾರು? ಹಳ್ಳಿಯಲ್ಲಿ ಗ್ಯಾಸ್ ಪೈಪಿಗೆ ಅಂತ ಬೇರೆ ಜಾಗ ಇಲ್ಲ ನೋಡಿ. ಇರುವುದೊಂದು ರಸ್ತೆ, ಅದರ ಬದಿಯಲ್ಲಿ ಒಂದಿಷ್ಟು ಮಣ್ಣು. ಅದೇ ಮಣ್ಣಿನಲ್ಲಿ ಕುಡಿಯುವ ನೀರಿನ ಪೈಪ್, ಅಲ್ಲೇ ಕರೆಂಟ್ ಕಂಬದ ಬುಡ, ಅಲ್ಲೇ ಟೆಲಿಫೋನಿನ ಹಳೇ ಕೇಬಲ್, ಮಳೆನೀರು ಹೋಗುವ ಚರಂಡಿಯೂ ಅಲ್ಲೇ. ಇನ್ನೊಂದನ್ನು ತಂದು ತುರುಕುವಾಗ ಉಳಿದದ್ದನ್ನು ಯಾರೂ ನೋಡದಿದ್ದರೆ, ಗ್ಯಾಸ್ ಬರುವುದಕ್ಕೆ ಮೊದಲೇ ನೀರು ಹೋಗಿರುತ್ತದೆ.

ಮಂಜೇಶ್ವರ, ಕಾಸರಗೋಡು ತಾಲೂಕಿನ ವಾರ್ಡುಗಳಲ್ಲಿ ಇರುವವರು ಏನು ಮಾಡಬಹುದು ಅಂತ ಇಲ್ಲಿ ಬರೆದಿದ್ದೇನೆ. ಎಂಜಿನಿಯರ್ ಆಗಬೇಕಿಲ್ಲ. ಟೇಪ್, ಪೆನ್ನು, ಪೇಪರ್ ಇದ್ದರೆ ಸಾಕು. ಸ್ವಲ್ಪ ಮೊಂಡುತನವೂ ಇರಲಿ.

ಯಾವ ಪೈಪ್ ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಎರಡು ಬಗೆಯ ಪೈಪ್ ಉಂಟು, ಜನ ಎರಡನ್ನೂ ಒಂದೇ ಅಂದುಕೊಂಡು ಜಗಳ ಆಡುತ್ತಾರೆ. ಒಂದು ಕೇಂದ್ರ ಸರಕಾರದ ಗ್ಯಾಸ್ ಕಂಪನಿ ಗೇಲ್‌ನವರ ಕೊಚ್ಚಿ–ಮಂಗಳೂರು ದೊಡ್ಡ ಲೈನ್. ಉದ್ದ ಸುಮಾರು 450 ಕಿಲೋಮೀಟರ್. ಕೊಚ್ಚಿ ಹತ್ತಿರದ ಪುದುವೈಪಿನಲ್ಲಿ ಹಡಗಿನಿಂದ ದ್ರವರೂಪದ ಅನಿಲ ಇಳಿಯುತ್ತದೆ, ಅದನ್ನು ಮತ್ತೆ ಗ್ಯಾಸ್ ಮಾಡಿ ಈ ಉಕ್ಕಿನ ಪೈಪಿನಲ್ಲಿ ಮಂಗಳೂರಿಗೆ ತಳ್ಳುತ್ತಾರೆ. ಆ ಟರ್ಮಿನಲ್ ಶುರುವಾದದ್ದು 2013ರಲ್ಲಿ. ಪೈಪ್ ಉದ್ಘಾಟನೆ ಆದದ್ದು 2021ರ ಜನವರಿ 5ಕ್ಕೆ. ಅಷ್ಟು ವರ್ಷ ಗ್ಯಾಸ್ ಅಲ್ಲಿ, ಗಿರಾಕಿ ಇಲ್ಲಿ! ಕೊನೆಯವರೆಗೂ ಸತಾಯಿಸಿದ್ದು ನಮ್ಮ ಚಂದ್ರಗಿರಿ ಹೊಳೆ. ಹೊಳೆಯ ಅಡಿಯಿಂದ ಸುಮಾರು ಒಂದೂವರೆ ಕಿಲೋಮೀಟರ್ ಪೈಪ್ ಎಳೆಯಬೇಕಿತ್ತು, ಅದೇ ಕಡೆಗೆ ಮುಗಿದ ಕೆಲಸ.

ಈ ದೊಡ್ಡ ಲೈನ್ ನಿಮ್ಮ ಜಾಗದಲ್ಲಿ ಹೋಗಿದ್ದರೆ ಜಾಗ ನಿಮ್ಮದೇ, ಜಾಗದ ಆಧಾರಪತ್ರವೂ ನಿಮ್ಮ ಹೆಸರಲ್ಲೇ. ಆದರೆ 1962ರ ಪೈಪ್‌ಲೈನ್ ಕಾಯ್ದೆ ಪ್ರಕಾರ ಪೈಪಿನ ಉದ್ದಕ್ಕೂ ಗುರುತು ಹಾಕಿದ ಜಾಗದ ಪಟ್ಟಿಯಲ್ಲಿ ಮನೆ ಕಟ್ಟುವ ಹಾಗಿಲ್ಲ, ಬಾವಿ ಕೆರೆ ತೋಡುವ ಹಾಗಿಲ್ಲ, ಮರ ನೆಡುವ ಹಾಗಿಲ್ಲ. ಅಂದರೆ ಅಡಿಕೆ, ತೆಂಗು ಹೋಯಿತು. ಗದ್ದೆ ಬೇಸಾಯ, ತರಕಾರಿ ಮಾಡಬಹುದು. ಕಾಯ್ದೆಯಲ್ಲಿ ಬರೆದ ಪರಿಹಾರ ಮಾರುಕಟ್ಟೆ ಬೆಲೆಯ ಶೇಕಡ 10 ಮಾತ್ರ. 2017ರಲ್ಲಿ ಕೋಝಿಕ್ಕೋಡ್ ಕಡೆ ಜನ ಬೀದಿಗೆ ಇಳಿದು ಗಲಾಟೆ ಮಾಡಿದ ಮೇಲೆ ಕೇರಳ ಸರಕಾರ ಅದನ್ನು ಏರಿಸಿತು. ಅಂಥ ಪಟ್ಟಿ ಇರುವ ಜಾಗ ಕೊಳ್ಳುವವರು ವಿಲೇಜ್ ಆಫೀಸಿನಲ್ಲಿ ಕೇಳಿ ಸ್ಕೆಚ್ ನೋಡದೇ ಮುಂಗಡ ಕೊಡಬೇಡಿ. ಹಳದಿ ಗುರುತಿನ ಕಲ್ಲನ್ನು ಯಾರೋ ಕಿತ್ತು ಬೇಲಿಗೆ ಎಸೆದಿದ್ದರೂ ಪೈಪ್ ಅಲ್ಲೇ ಇರುತ್ತದೆ.

ಎರಡನೇದು ಊರೊಳಗಿನ ಲೈನ್, ಮನೆಗೆ ಬರುವಂಥದ್ದು. ಕಾಸರಗೋಡು, ಕಣ್ಣೂರು, ಮಾಹೆಗೆ ಇದರ ಲೈಸೆನ್ಸ್ 2018ರಲ್ಲಿ ಇಂಡಿಯನ್ ಆಯಿಲ್ ಮತ್ತು ಅದಾನಿ ಗ್ಯಾಸ್ ಸೇರಿ ಮಾಡಿದ ಕಂಪನಿಗೆ ಸಿಕ್ಕಿದೆ. ಗಡಿ ದಾಟಿ ದಕ್ಷಿಣ ಕನ್ನಡಕ್ಕೆ ಹೋದರೆ ಗೇಲ್ ಗ್ಯಾಸ್. ತಲಪಾಡಿಯ ಆಚೆ ಮನೆಗೆ ಬಂತು, ಈಚೆ ಯಾಕೆ ಬಂದಿಲ್ಲ ಅಂತ ಕೇಳುವವರು ಇದನ್ನು ನೆನಪಿಡಿ. ಕಂಪನಿ ಬೇರೆ, ರಾಜ್ಯ ಬೇರೆ, ಪರ್ಮಿಷನ್ ಕೊಡುವ ಆಫೀಸೂ ಬೇರೆ.

ಊರೊಳಗಿನ ಪೈಪ್ ಪ್ಲಾಸ್ಟಿಕ್‌ನದು, ಹಳದಿ ಇಲ್ಲವೇ ಕಿತ್ತಳೆ ಬಣ್ಣ. ನೀರಿನದ್ದು ಕಪ್ಪು, ಮೈಮೇಲೆ ನೀಲಿ ಗೆರೆ. ಮಕ್ಕಳಿಗೂ ಇದನ್ನು ಹೇಳಿಕೊಡಿ. ಗ್ಯಾಸ್ ಪೈಪಿನಲ್ಲಿ ಒತ್ತಡ ಸುಮಾರು 4 ಬಾರ್ ಇರುತ್ತದೆ. ಅದನ್ನು ಹಂತ ಹಂತವಾಗಿ ಇಳಿಸಿ ಅಡುಗೆಮನೆಗೆ ಬರುವಾಗ 21 ಮಿಲಿಬಾರ್ ಮಾಡುತ್ತಾರೆ. ಈ ರೆಗ್ಯುಲೇಟರಿಗೆ ಕರೆಂಟ್ ಬೇಡ, ಕರೆಂಟ್ ಹೋದರೂ ಅನ್ನ ಬೇಯುತ್ತದೆ.

ನೆಲದ ಅಡಿಯಲ್ಲಿ ಏನುಂಟು ಅಂತ ಬರೆದಿಡಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ, ಯಾರೂ ಮಾಡದ್ದೂ ಇದೇ. ವಾಟರ್ ಅಥಾರಿಟಿಯ ಲೈನು ಅವರ ನಕಾಶೆಯಲ್ಲಿ ಇರುತ್ತದೆ. ಜಲನಿಧಿ (ಊರವರೇ ನಡೆಸುವ ಕುಡಿಯುವ ನೀರಿನ ಯೋಜನೆ) ಸಮಿತಿಯವರು ಹಾಕಿದ್ದು ಸಮಿತಿಯ ಹಳೇ ಸೆಕ್ರೆಟರಿಯ ತಲೆಯಲ್ಲಿ ಇರುತ್ತದೆ. ನೀವು ರಸ್ತೆ ಅಡ್ಡ ದಾಟಿಸಿ ತೋಟಕ್ಕೆ ಹಾಕಿದ ಪಿವಿಸಿ ಪೈಪ್ ಯಾರ ನಕಾಶೆಯಲ್ಲೂ ಇಲ್ಲ.

ಇನ್ನು ನಮ್ಮ ಸುರಂಗಗಳು. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಗುಡ್ಡೆಗೆ ಅಡ್ಡಲಾಗಿ ಮುರಕಲ್ಲಿನಲ್ಲಿ (ಜಂಬಿಟ್ಟಿಗೆ ಕಲ್ಲು) ಕೊರೆದ ಸುರಂಗ ಎಷ್ಟು ಮನೆಗೆ ನೀರು ಕೊಡುತ್ತದೆ ಅಂತ ಬೇರೆ ಊರಿನವರಿಗೆ ಹೇಳಿದರೆ ನಂಬುವುದಿಲ್ಲ. ಒಬ್ಬ ಮನುಷ್ಯ ನುಗ್ಗುವಷ್ಟು ಅಗಲ, ಒಳಗೆ ಹೋದಷ್ಟೂ ತಂಪು, ಕೊನೆಯಲ್ಲಿ ಕಲ್ಲಿನಿಂದ ಒಸರುವ ನೀರು ತಾನಾಗಿ ಹರಿದು ಅಂಗಳದ ಟ್ಯಾಂಕಿಗೆ ಬರುತ್ತದೆ, ಪಂಪೂ ಬೇಡ ಕರೆಂಟೂ ಬೇಡ. ಕೆಲವಕ್ಕೆ ಗಾಳಿಗೆ ಅಂತ ಮೇಲಿನಿಂದ ಕೊರೆದ ಕಂಡಿಯೂ ಉಂಟು. ಗುಡ್ಡೆಯ ಒಳಗೆ ಸುರಂಗ ತುಂಬಾ ಆಳದಲ್ಲಿರುತ್ತದೆ, ಅಲ್ಲಿ ತೊಂದರೆ ಇಲ್ಲ. ಬಾಯಿಯ ಹತ್ತಿರ ಮಾತ್ರ ಮೇಲಿನ ಮಣ್ಣು ತೆಳು. ರಸ್ತೆ ಗುಡ್ಡೆಯ ಬುಡದಲ್ಲಿ ಹೋಗುವಲ್ಲಿ ಒಂದು ಮೀಟರಿಗಿಂತ ಆಳದ ಕಣಿ ತೋಡಿದರೆ, ಅಥವಾ ರಸ್ತೆ ಕಡಿಯದೇ ಅಡಿಯಿಂದಲೇ ಡ್ರಿಲ್ ಮಾಡಿದರೆ, ಸುರಂಗದ ಮಾಡು ಕುಸಿಯಬಹುದು. ನೀರು ಬರುವ ದಾರಿ ತಿರುಗಿಬಿಡಬಹುದು.

ಇನ್ನೊಂದು ಅಪಾಯವೂ ಇದೆ. ಈ ಗ್ಯಾಸ್ ಅಂದರೆ ಮೀಥೇನ್, ಗಾಳಿಗಿಂತ ಹಗುರ. ಲೀಕ್ ಆದರೆ ಮೇಲೆ ಹೋಗಿ ಚದುರುತ್ತದೆ. ಸಿಲಿಂಡರಿನ ಗ್ಯಾಸ್ ಭಾರ, ನೆಲದಲ್ಲೇ ಹರಡಿ ನಿಲ್ಲುತ್ತದೆ. ಆ ಲೆಕ್ಕದಲ್ಲಿ ಪೈಪ್ ಗ್ಯಾಸ್ ವಾಸಿ. ಆದರೆ ನೆಲದ ಅಡಿಯಲ್ಲಿ ಲೀಕ್ ಆದಾಗ ಅದು ಸುಲಭದ ದಾರಿ ಹುಡುಕುತ್ತದೆ: ಮುಚ್ಚಿದ ಚರಂಡಿ, ಕೇಬಲ್ ಹಾಕಿದ ಪೈಪ್, ಸುರಂಗ. ಮಣ್ಣಿನೊಳಗೆ ದೂರ ಹೋದರೆ, ವಾಸನೆ ಬರಲಿ ಅಂತ ಸೇರಿಸಿದ ಮದ್ದನ್ನು ಮಣ್ಣೇ ಹೀರಿಕೊಳ್ಳುವುದೂ ಉಂಟು. ಹಾಗಾಗಿ ಸುರಂಗದ ಹತ್ತಿರ ಪೈಪ್ ಬೇಡವೇ ಬೇಡ, ರಸ್ತೆಯ ಆಚೆ ಬದಿಯಲ್ಲಿ ಹಾಕಿ ಅಂತ ಹೇಳುವ ಹಕ್ಕು ನಿಮಗಿದೆ. ಹೇಳಬೇಕಾದರೆ ಸುರಂಗ ಎಲ್ಲಿದೆ ಅಂತ ಕಾಗದದಲ್ಲಿ ಇರಬೇಕು, ಅಲ್ವಾ?

ಹೀಗೆ ಮಾಡಿ. ವಾರ್ಡಿನ ರಸ್ತೆಯ ಒಂದು ಗೆರೆ ಎಳೆಯಿರಿ. ಕರೆಂಟ್ ಕಂಬದಿಂದ ಕಂಬಕ್ಕೆ ನಡೆಯಿರಿ. ಕಂಬಕ್ಕೆ ನಂಬರ್ ಇರುತ್ತದೆ, ಅದೇ ನಿಮ್ಮ ಮೈಲುಗಲ್ಲು. ಪ್ರತಿ ಎರಡು ಕಂಬದ ಮಧ್ಯೆ ಏನೇನುಂಟು ಅಂತ ಬರೆಯಿರಿ: ನೀರಿನ ಪೈಪ್ ಯಾವ ಬದಿ, ವಾಲ್ವ್ ಎಲ್ಲಿ, ಯಾರ ಖಾಸಗಿ ಪೈಪ್ ರಸ್ತೆ ದಾಟುತ್ತದೆ, ಸುರಂಗದ ಬಾಯಿ, ಬಾವಿ, ತೋಡಿಗೆ ಹಾಕುವ ಕಟ್ಟ, ಮೋರಿ. ಮೊಬೈಲಿನಲ್ಲಿ ಜಾಗದ ಲೊಕೇಶನ್ ಸಮೇತ ಫೋಟೋ ತೆಗೆಯಿರಿ. ಊರಿನ ಪ್ಲಂಬರ್, ಪಂಪ್ ಬಿಡುವವನು, ಹಿಂದೆ ಕಣಿ ತೋಡಿದ ಕೆಲಸದವರು, ಈ ಮೂವರನ್ನು ಕೂರಿಸಿ ಒಂದು ಚಹಾ ಕೊಟ್ಟರೆ ಆಫೀಸಿನ ಫೈಲಿಗಿಂತ ಜಾಸ್ತಿ ವಿಷಯ ಸಿಗುತ್ತದೆ. ಮೂರು ಪ್ರತಿ ಮಾಡಿ. ಒಂದು ಪಂಚಾಯತಿಗೆ, ಒಂದು ವಾರ್ಡ್ ಮೆಂಬರಿಗೆ, ಒಂದು ನಿಮ್ಮಲ್ಲೇ.

ಅಗೆಯುವವರಿಗೂ ಒಂದು ವ್ಯವಸ್ಥೆ ಉಂಟು. ಕೇಂದ್ರ ಸರಕಾರ 2023ರ ಮಾರ್ಚಿನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಅನ್ನುವ ಆ್ಯಪ್ ಬಿಟ್ಟಿದೆ. ಎಲ್ಲಿ ಅಗೆಯುತ್ತೇವೆ ಅಂತ ಅದರಲ್ಲಿ ಹಾಕಿದರೆ ಅಲ್ಲಿ ಕೇಬಲ್, ಪೈಪ್ ಇರುವ ಸಂಸ್ಥೆಗಳಿಗೆ ಸುದ್ದಿ ಹೋಗುತ್ತದೆ. ಕಾಂಟ್ರಾಕ್ಟರ್ ಅದನ್ನು ಮಾಡಿದ್ದಾನಾ ಅಂತ ಕೇಳಿ. ಮುಖ ನೋಡಿದರೆ ಉತ್ತರ ಗೊತ್ತಾಗುತ್ತದೆ. ನಿಮ್ಮ ಸುರಂಗ ಅದರಲ್ಲೂ ಇರುವುದಿಲ್ಲ, ಆದ್ದರಿಂದ ನಿಮ್ಮ ಕೈನಕಾಶೆ ಬೇಕೇ ಬೇಕು.

ಪೈಪ್ ಮೊದಲು, ಡಾಮರು ಆಮೇಲೆ

ಇದು ಎಲ್ಲರಿಗೂ ಗೊತ್ತಿರುವ ಮಾತು. ಆದರೂ ರಸ್ತೆಗೆ ಡಾಮರು ಹಾಕಿದ ಮರುವರ್ಷವೇ ಯಾರೋ ಕಡಿಯಲು ಬರುತ್ತಾರೆ. ಇಲಾಖೆಗಳು ಒಬ್ಬರಿಗೊಬ್ಬರು ಮಾತಾಡುವುದಿಲ್ಲ ಅಂತ ಬೈಯುತ್ತಾ ಕೂರುವ ಬದಲು ಪಂಚಾಯತಿನ ಮುಂದಿನ ವರ್ಷದ ಯೋಜನೆಯಲ್ಲಿ ಯಾವ ರಸ್ತೆ ಇದೆ ಅಂತ ನೋಡಿ. ಗ್ರಾಮಸಭೆಯಲ್ಲಿ ಆ ಪಟ್ಟಿ ಓದುತ್ತಾರೆ. ಕೇರಳದಲ್ಲಿ ಗ್ರಾಮಸಭೆ ಅಂದರೆ ವಾರ್ಡ್ ಸಭೆ, ಮೂರು ತಿಂಗಳಿಗೊಮ್ಮೆ ಕರೆಯಬೇಕು, ಮತದಾರರಲ್ಲಿ ಶೇಕಡ 10 ಜನ ಇದ್ದರೆ ಕೋರಂ. ಸಬ್ಸಿಡಿ ಗಿಡ, ಕೋಳಿಮರಿ ಕೊಡುವ ದಿನ ಮಾತ್ರ ಜನ ತುಂಬುತ್ತಾರೆ, ರಸ್ತೆ ಪಟ್ಟಿ ಓದುವಾಗ ಅರ್ಧ ಜನ ಹೊರಗೆ ಬೀಡಿ ಸೇದುತ್ತಿರುತ್ತಾರೆ. ಅವತ್ತು ಒಳಗೆ ಕೂತು ಒಂದು ಮಾತು ಮಿನಿಟ್ಸ್‌ನಲ್ಲಿ ಬರೆಸಿ: "ಈ ರಸ್ತೆಗೆ ಡಾಮರು ಹಾಕುವ ಮೊದಲು ನೀರು, ಗ್ಯಾಸ್, ಕೇಬಲ್‌ನವರನ್ನು ಕೇಳಬೇಕು."

ರಸ್ತೆ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯದ್ದಾದರೆ ಇನ್ನೂ ಜೋಪಾನ. ಅಲ್ಲಿ ಕಾಂಟ್ರಾಕ್ಟರೇ 5 ವರ್ಷ ನಿರ್ವಹಣೆ ಮಾಡಬೇಕು. ಮಧ್ಯೆ ಬೇರೆಯವರು ಕಡಿದರೆ ಅವನಿಗೆ ನೆಪ ಸಿಕ್ಕಿತು. "ನಾನು ಹಾಕಿದ್ದು ಸಮ ಇತ್ತು, ಅವರು ಹಾಳು ಮಾಡಿದ್ರು" ಅಂತ ಕೈತೊಳೆದುಕೊಳ್ಳಬಹುದು.

ನನಗೆ ತುಂಬಾ ಇಷ್ಟವಾದ ಉಪಾಯ ಖಾಲಿ ಪೈಪಿನದು. ಕಾಂಕ್ರೀಟ್ ರಸ್ತೆ ಮಾಡುವಾಗ, ಮೋರಿ ಕಟ್ಟುವಾಗ, ರಸ್ತೆಯ ಅಡ್ಡಕ್ಕೆ ಎರಡು ದಪ್ಪ ಪಿವಿಸಿ ಪೈಪ್ ಸುಮ್ನೆ ಹುಗಿದು ಎರಡೂ ಬಾಯಿ ಮುಚ್ಚಿ, ಬದಿಯ ಕಲ್ಲಿನಲ್ಲಿ ಪೇಂಟ್ ಗುರುತು ಹಾಕುವುದು. ನಾಳೆ ನೀರು, ಕೇಬಲ್ ಏನೇ ಬಂದರೂ ಅದರೊಳಗೆ ನುಗ್ಗಿಸಬಹುದು. ಗ್ಯಾಸಿಗೆ ಮಾತ್ರ ಪ್ರತ್ಯೇಕ ಒಂದು, ಬೇರೆ ಯಾವುದನ್ನೂ ಅದರೊಟ್ಟಿಗೆ ಹಾಕಬಾರದು. ಖರ್ಚು ರಸ್ತೆಯ ಖರ್ಚಿನ ಮುಂದೆ ಏನೂ ಅಲ್ಲ. ಆರು ಪಥದ ಹೆದ್ದಾರಿ 66 ನಮ್ಮ ಊರುಗಳನ್ನು ಎರಡು ಭಾಗ ಮಾಡಿರುವ ಕಡೆ ಇದು ಇನ್ನೂ ಮುಖ್ಯ. ಅಲ್ಲಿ ಅಡ್ಡ ದಾಟಿಸಲು ಪ್ರತಿ ಸಲವೂ ಹೆದ್ದಾರಿ ಪ್ರಾಧಿಕಾರದ ಅನುಮತಿ ಬೇಕು.

ಸಮಯ: ದೀಪಾವಳಿ ಕಳೆದ ಮೇಲೆ ಶುರು, ಪತ್ತನಾಜೆಯ (ಮೇ 24ರ ಹೊತ್ತು) ಒಳಗೆ ಕೊನೆಯ ಕಣಿ ಮುಚ್ಚಿ ಮಣ್ಣು ಕೂತಿರಬೇಕು. ಮೇ ಕೊನೆಯಲ್ಲಿ ತೆರೆದಿಟ್ಟ ಕಣಿ ಜೂನಿನಲ್ಲಿ ತೋಡೇ ಆಗುತ್ತದೆ.

ಕಣಿ ತೆರೆದಿರುವಾಗ ನೋಡಬೇಕಾದ್ದು

ಮುಚ್ಚಿದ ಮೇಲೆ ಯಾರೂ ಏನೂ ಹೇಳಲಾಗದು. ತೆರೆದಿರುವಾಗಲೇ ಹೋಗಿ ನಿಲ್ಲಿ. ಪೈಪಿನ ನೆತ್ತಿಯಿಂದ ರಸ್ತೆ ಮಟ್ಟಕ್ಕೆ ಸುಮಾರು ಒಂದು ಮೀಟರ್ ಇರಬೇಕು. ಟೇಪ್ ಇಳಿಸಿ ಫೋಟೋ ತೆಗೆಯಿರಿ. ಮುರಕಲ್ಲು ಇರುವಲ್ಲಿ ಜೆಸಿಬಿ ಆಳಕ್ಕೆ ಹೋಗದೇ ಒದ್ದಾಡುತ್ತದೆ, ಸಂಜೆಯಾದಂತೆ ಆಳ ಕಮ್ಮಿಯಾಗುತ್ತಾ ಬರುತ್ತದೆ. ಪೈಪಿನ ಅಡಿಗೆ ಮತ್ತು ಸುತ್ತ ಹೊಯಿಗೆ ಇಲ್ಲವೇ ನಯವಾದ ಮಣ್ಣು ಇರಬೇಕು. ಅಗೆದ ಮುರಕಲ್ಲಿನ ಚೂಪು ತುಂಡುಗಳನ್ನೇ ವಾಪಸ್ ತಳ್ಳಿದರೆ ಲಾರಿ ಹೋದಾಗಲೆಲ್ಲ ಅದು ಪ್ಲಾಸ್ಟಿಕ್ ಪೈಪನ್ನು ಗೀರುತ್ತಿರುತ್ತದೆ. ಪೈಪಿನ ಮೇಲೆ ಒಂದಡಿ ಮಣ್ಣು ಬಂದ ಮೇಲೆ ಎಚ್ಚರಿಕೆಯ ಹಳದಿ ಪಟ್ಟಿ ಹಾಸಬೇಕು. ಮುಂದೆ ಯಾರಾದರೂ ಅಗೆದರೆ ಮೊದಲು ಕಾಣುವುದು ಅದು. ಹಾಸಿದ್ದಾರಾ ನೋಡಿ, ಪಟ್ಟಿಯ ರೋಲ್ ಜೀಪಿನಲ್ಲೇ ಉಳಿಯುವುದೂ ಉಂಟು.

ನೀರಿನ ಪೈಪಿಗೂ ಗ್ಯಾಸ್ ಪೈಪಿಗೂ ಮಧ್ಯೆ ಕನಿಷ್ಠ 30 ಸೆಂಟಿಮೀಟರ್ ಅಂತರ ಬೇಕು. ಕಾರಣ ಸರಳ. ನೀರಿನ ಪೈಪ್ ಒಡೆದಾಗ ರಿಪೇರಿಗೆ ಬರುವವನು ಪಿಕ್ಕಾಸು ಹಿಡಿದು ಬರುತ್ತಾನೆ, ನಕಾಶೆ ಹಿಡಿದು ಅಲ್ಲ. ಇನ್ನೊಂದು ಕಾರಣ, ಲೀಕ್ ಆಗುವ ನೀರು ಪಕ್ಕದ ಕಣಿಯ ಹೊಯಿಗೆಯನ್ನು ಕೊಚ್ಚಿಕೊಂಡು ಹೋಗುತ್ತದೆ, ಗ್ಯಾಸ್ ಪೈಪ್ ಜೋತು ಬೀಳುತ್ತದೆ. ಮನೆಗಳ ಹತ್ತಿರದ ಕಮ್ಮಿ ಒತ್ತಡದ ಲೈನಿನಲ್ಲಿ ಇರುವುದು ಸುಮಾರು 100 ಮಿಲಿಬಾರ್, ಒಂದು ಮೀಟರ್ ನೀರು ನಿಂತರೆ ಅಷ್ಟೇ ಒತ್ತಡ. ಮಳೆಗಾಲದಲ್ಲಿ ಅಲ್ಲಿ ತೂತಾದರೆ ಗ್ಯಾಸ್ ಹೊರಗೆ ಹೋಗುವ ಬದಲು ನೀರು ಒಳಗೆ ನುಗ್ಗಬಹುದು. ಸ್ಟವ್ ಉರಿ ತಾನಾಗಿ ಏರಿ ಇಳಿದರೆ, ಲೈನಿನಲ್ಲಿ ನೀರು ಸೇರಿದೆಯಾ ಅಂತ ಕಂಪನಿಯವರನ್ನು ಕರೆದು ನೋಡಿಸಿ.

ಮಣ್ಣನ್ನು ಒಂದೇ ಸಲ ಸುರಿಯಬಾರದು. ಒಂದು ಗೇಣು ಹಾಕಿ ಕುಟ್ಟಿ, ಮತ್ತೊಂದು ಗೇಣು ಹಾಕಿ ಕುಟ್ಟಬೇಕು. ಕುಟ್ಟುವ ಯಂತ್ರ ಸೈಟಿಗೆ ಬಂದೇ ಇಲ್ಲ ಅಂದರೆ ಮಳೆಗೆ ರಸ್ತೆ ಕುಸಿಯುವುದು ಖಂಡಿತ.

ಕರೆಂಟ್ ಕಂಬದ ವಿಷಯ ಚುಟುಕಾಗಿ. ಕಂಬದ ಬುಡಕ್ಕೆ, ಸ್ಟೇ ವೈರಿಗೆ, ಟ್ರಾನ್ಸ್‌ಫಾರ್ಮರಿನ ಅರ್ತಿಂಗ್ ಗುಂಡಿಗೆ ತಾಗಿ ಅಗೆಯಲು ಬಿಡಬೇಡಿ. ಕೆಎಸ್‌ಇಬಿ (ಕೇರಳ ವಿದ್ಯುತ್ ಮಂಡಳಿ) ಸೆಕ್ಷನ್ ಆಫೀಸಿಗೆ ಮೊದಲೇ ಫೋನ್ ಮಾಡಿ. ಈಗ ಆ ಕಂಬದ ಮೇಲೆ ವಿದ್ಯುತ್ ಒಂದೇ ಅಲ್ಲ, 2023ರಲ್ಲಿ ಶುರುವಾದ ಕೆ-ಫೋನ್‌ನ (ಕೇರಳ ಸರಕಾರದ ಇಂಟರ್ನೆಟ್) ಫೈಬರ್ ಕೂಡ ಉಂಟು. ಆಟಿ ತಿಂಗಳ (ಜುಲೈ–ಆಗಸ್ಟ್) ಗಾಳಿಗೆ ಕಂಬ ವಾಲಿದರೆ ಕರೆಂಟೂ ಇಂಟರ್ನೆಟ್ಟೂ ಒಟ್ಟಿಗೆ ಹೋಗುತ್ತದೆ.

ಪೈಪ್ ಬರದ ಊರಿಗೂ ಗ್ಯಾಸ್ ಬರುತ್ತದೆ

ದೇಲಂಪಾಡಿ, ಬೆಳ್ಳೂರು ಕಡೆಯ ಗುಡ್ಡೆಯ ಮನೆಗಳು ಒಂದೊಂದು ಒಂದೊಂದು ಮೂಲೆಯಲ್ಲಿ. ಅಲ್ಲಿಗೆಲ್ಲ ಪೈಪ್ ಬೇಗ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ. ಒಂದು ಮನೆಗೆ ಎಷ್ಟು ಮೀಟರ್ ಪೈಪ್ ಬೇಕು ಅನ್ನುವುದೇ ಕಂಪನಿಯ ಲೆಕ್ಕ. ಹೆದ್ದಾರಿ ಬದಿ, ಪೇಟೆ, ಫ್ಲಾಟ್ ಮೊದಲು. ಆದರೆ ಆಟೋಗೆ ಬೇಕಾದ ಸಿಎನ್‌ಜಿ ಪಂಪ್ ಬರಬಹುದು. ಪೈಪ್ ಇಲ್ಲದ ಕಡೆ ಗ್ಯಾಸನ್ನು 200 ಬಾರ್‌ಗಿಂತ ಜಾಸ್ತಿ ಒತ್ತಡಕ್ಕೆ ಒತ್ತಿ ಸಿಲಿಂಡರ್ ಗೊಂಚಲು ಮಾಡಿ ಲಾರಿಯಲ್ಲಿ ತರುತ್ತಾರೆ. ಆ ಲಾರಿ ತಿರುಗಲು ರಸ್ತೆ ಬೇಕು, ಪಂಪಿನ ಕಂಪ್ರೆಸರಿಗೆ ತ್ರೀ ಫೇಸ್ ಕರೆಂಟ್ ಬೇಕು. ಬೇಸಿಗೆಯಲ್ಲಿ ತೋಟದ ಪಂಪುಗಳೆಲ್ಲ ಓಡುವಾಗ ವೋಲ್ಟೇಜ್ ಬೀಳುವ ಲೈನಿಗೇ ಅದನ್ನೂ ಸೇರಿಸಿದರೆ ಕಷ್ಟ ನಮಗೇ. ಪಂಪಿಗೆ ಬೇರೆ ಟ್ರಾನ್ಸ್‌ಫಾರ್ಮರ್ ಇದೆಯಾ ಅಂತ ಕೇಳಿ.

ಗೋಬರ್ ಗ್ಯಾಸ್ ಇರುವವರು ಅದನ್ನು ಮುಚ್ಚಬೇಡಿ ಮಾರಾಯ್ರೆ. ಅದರಲ್ಲಿ ಉರಿಯುವುದೂ ಇದೇ ಮೀಥೇನ್, ಜೊತೆಗೆ ಇಂಗಾಲದ ಡೈಆಕ್ಸೈಡ್ ಇರುವುದರಿಂದ ಕಾವು ಸ್ವಲ್ಪ ಕಮ್ಮಿ ಅಷ್ಟೇ, ಸ್ಲರಿ ತೋಟಕ್ಕೆ ಲಾಭ. ಅದನ್ನೇ ದೊಡ್ಡ ಮಟ್ಟದಲ್ಲಿ ಶುದ್ಧ ಮಾಡಿ ಪೈಪಿಗೆ ಸೇರಿಸಬಹುದು. ಸಿಎನ್‌ಜಿ, ಪೈಪ್ ಗ್ಯಾಸಿನಲ್ಲಿ ಇಂಥ ಜೈವಿಕ ಗ್ಯಾಸನ್ನು 2025-26ರಲ್ಲಿ ಶೇಕಡ 1ರಿಂದ ಶುರು ಮಾಡಿ 2028-29ರ ಹೊತ್ತಿಗೆ ಶೇಕಡ 5ಕ್ಕೆ ಏರಿಸಬೇಕು ಅಂತ ಕೇಂದ್ರ ಗುರಿ ಇಟ್ಟಿದೆ. ಹಾಲಿನ ಸೊಸೈಟಿ ಮಟ್ಟದಲ್ಲಿ ಯೋಚನೆ ಮಾಡುವವರಿದ್ದರೆ ಇದು ಕೆಲಸಕ್ಕೆ ಬರುವ ವಿಷಯ. ಸೆಗಣಿ ಸಾಗಿಸುವ ಖರ್ಚೇ ಇಲ್ಲಿ ದೊಡ್ಡ ಪ್ರಶ್ನೆ, ಅಲ್ಲೂ ಮತ್ತೆ ರಸ್ತೆಗೇ ಬಂದೆವು.

ಅಂದ ಹಾಗೆ, ನಮ್ಮ ಗದ್ದೆ ತೋಟದ ಅಡಿಯಿಂದ ಹೋದ ಗ್ಯಾಸಿನ ಒಂದು ಪಾಲು ಪಣಂಬೂರಿನ ಗೊಬ್ಬರ ಕಾರ್ಖಾನೆಗೆ ಹೋಗಿ ಯೂರಿಯಾ ಆಗುತ್ತದೆ. ಮೊದಲು ಅವರು ನಾಫ್ತಾ ಅನ್ನುವ ಪೆಟ್ರೋಲಿಯಂ ಎಣ್ಣೆಯಿಂದ ಮಾಡುತ್ತಿದ್ದರು.

ಅರ್ಜಿ ಹೀಗೆ ಬರೆಯಿರಿ

ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ಅದು ನಿಮ್ಮ ಹಕ್ಕು, 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಉಂಟು. ಪಂಚಾಯತ್ ರಸ್ತೆಯಾದರೆ ಪಂಚಾಯತ್ ಸೆಕ್ರೆಟರಿಗೆ, ಪಿಡಬ್ಲ್ಯುಡಿ ರಸ್ತೆಯಾದರೆ ಅವರ ಅಸಿಸ್ಟೆಂಟ್ ಎಂಜಿನಿಯರಿಗೆ.

"ಮಾನ್ಯರೇ, ನಮ್ಮ ವಾರ್ಡಿನ ರಸ್ತೆಯಲ್ಲಿ ಗ್ಯಾಸ್ ಪೈಪ್ ಹಾಕಲು ಅನುಮತಿ ಕೊಡುವ ಮೊದಲು ಈ ವಿಷಯಗಳನ್ನು ಬರವಣಿಗೆಯಲ್ಲಿ ತಿಳಿಸಬೇಕು: ಪೈಪ್ ರಸ್ತೆಯ ಯಾವ ಬದಿ, ಎಷ್ಟು ಆಳ, ನೀರಿನ ಪೈಪಿನಿಂದ ಎಷ್ಟು ದೂರ, ಕೆಲಸ ಶುರುವಾಗುವ ಮತ್ತು ಮುಗಿಯುವ ದಿನ, ರಸ್ತೆ ಸರಿಮಾಡಲು ಕಟ್ಟಿಸಿಕೊಂಡ ಹಣ ಎಷ್ಟು, ಕುಡಿಯುವ ನೀರಿನ ಪೈಪ್ ಒಡೆದರೆ ಎಷ್ಟು ಗಂಟೆಯೊಳಗೆ ಸರಿ ಮಾಡುತ್ತಾರೆ, ಅಲ್ಲಿಯವರೆಗೆ ನೀರು ಕೊಡುವವರು ಯಾರು. ಜೊತೆಗಿಟ್ಟ ನಕಾಶೆಯಲ್ಲಿ ತೋರಿಸಿದ ಸುರಂಗ, ಬಾವಿ, ಕಟ್ಟಗಳನ್ನು ಓವರ್‌ಸಿಯರ್ ಸ್ಥಳಕ್ಕೆ ಬಂದು ನೋಡಬೇಕು."

ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಳ್ಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅನುಮತಿ ಪತ್ರ ಮತ್ತು ನಕಾಶೆಯ ಪ್ರತಿ ಕೇಳಿ, 30 ದಿನದಲ್ಲಿ ಕೊಡಬೇಕು.

ಮನೆಯೊಳಗೆ

ಕನೆಕ್ಷನ್ ಬಂದ ದಿನ ಸ್ಟವ್‌ನ ಜೆಟ್ ಬದಲಿಸುತ್ತಾರೆ, ಸಿಲಿಂಡರಿನ ಜೆಟ್‌ನಲ್ಲಿ ಈ ಗ್ಯಾಸ್ ಸರಿಯಾಗಿ ಉರಿಯುವುದಿಲ್ಲ. ನೀವೇ ಪಿನ್ನು ಹಾಕಿ ತೂತು ದೊಡ್ಡ ಮಾಡಬೇಡಿ. ಬಿಲ್ ಹೋಲಿಸಲು ಒಂದು ಲೆಕ್ಕ: 14.2 ಕಿಲೋ ಸಿಲಿಂಡರಿನಲ್ಲಿ ಇರುವಷ್ಟು ಶಾಖಕ್ಕೆ ಮೀಟರಿನಲ್ಲಿ ಸುಮಾರು 18 ಯೂನಿಟ್ (ಘನ ಮೀಟರ್) ಓಡುತ್ತದೆ. ಅಷ್ಟಕ್ಕೆ ಎಷ್ಟು ರೂಪಾಯಿ ಅಂತ ಗುಣಿಸಿ ನೋಡಿ, ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು.

ಜೆಸಿಬಿ ಪೈಪಿಗೆ ತಾಗಿ ಸುಯ್ ಅಂತ ಶಬ್ದ ಬಂದರೆ, ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ, ಮೊದಲು ಇಂಜಿನ್ ಆಫ್. ಗಾಳಿ ಬರುವ ದಿಕ್ಕಿಗೆ ಎಲ್ಲರೂ ದೂರ ನಡೆಯಿರಿ. ಹತ್ತಿರದ ಮನೆಯವರು ಒಲೆ ಆರಿಸಲಿ, ಸ್ವಿಚ್ ಹಾಕುವುದೂ ಬೇಡ ತೆಗೆಯುವುದೂ ಬೇಡ. ತೂತಿಗೆ ಮಣ್ಣು ಮೆತ್ತುವ, ಬಟ್ಟೆ ಸುತ್ತುವ ಸಾಹಸ ಬೇಡ. ದೂರ ಹೋದ ಮೇಲೆ ಗುರುತಿನ ಕಂಬದಲ್ಲಿ ಬರೆದ ನಂಬರಿಗೆ, ಮತ್ತೆ 101 ಇಲ್ಲವೇ 112ಕ್ಕೆ ಫೋನ್ ಮಾಡಿ. ಆ ನಂಬರನ್ನು ಈಗಲೇ ಊರಿನ ಜೆಸಿಬಿ ಓಡಿಸುವವರ ಫೋನಿನಲ್ಲಿ ಸೇವ್ ಮಾಡಿಸಿ.

ಕೆಲಸ ಎಲ್ಲಾ ಮುಗಿದ ಮೇಲೆ ಕಾಂಟ್ರಾಕ್ಟರ್ ಕಟ್ಟಿದ ಡಿಪಾಸಿಟ್ ವಾಪಸ್ ಕೇಳುತ್ತಾನೆ. ಒಂದು ಮಳೆಗಾಲ ಕಳೆಯುವವರೆಗೆ ಅದನ್ನು ಬಿಡಬೇಡಿ ಅಂತ ಸೆಕ್ರೆಟರಿಗೆ ಮೊದಲೇ ಬರೆದುಕೊಡಿ. ಅಕ್ಟೋಬರಿನಲ್ಲಿ ಅದೇ ನಕಾಶೆ ಹಿಡಿದು ಕಂಬದಿಂದ ಕಂಬಕ್ಕೆ ಮತ್ತೆ ನಡೆಯಿರಿ. ಕುಸಿದ ಜಾಗದ ಫೋಟೋ ತೆಗೆದು ಓವರ್‌ಸಿಯರಿಗೆ ಕಳಿಸಿ, ಅದು ಸರಿಯಾದ ಮೇಲೆ ಹಣ ಬಿಡಲಿ.